ಲೇ ಮೆಡಿಕ್, ಎಲ್ಲಿ ಅದಿ?

"ಮೆಡಿಕ್! ಲೇ ಮೆಡಿಕ್, ಎಲ್ಲಿ ಅದಿ? ರಗತ ಹೊಂಟೈತಿ, ಲಗೂನ ಬಾರಲೇ!"

ರಾತ್ರಿ ಹನ್ನೊಂದೂವರೆ. ಹೆಡ್‌ಫೋನಿನ ಪಿನ್ ಕಿತ್ತು ಬಂದಿದ್ದು ನನಗೆ ಗೊತ್ತಾಗಿರಲಿಲ್ಲ. ಈ ಒದರಾಟ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಇಡೀ ಮನೆಗೆ ಕೇಳಿತು. ಪಡಸಾಲೆಯಲ್ಲಿ ಮಲಗಿದ್ದ ಅವ್ವ ಎದ್ದು ಕುಳಿತು, "ಯಾರಿಗೇನಾತೋ?" ಎಂದಳು. "ಯಾರಿಗೂ ಏನೂ ಆಗಿಲ್ಲವ್ವಾ, ಆಟದಾಗ" ಎಂದೆ. "ಆಟದಾಗ ಯಾರರ ಹಂಗ ಒದರತಾರೇನು? ಅದು ಆ ಹುಕ್ಕೇರಿ ಹುಡುಗನ ದನಿ. ನಾಳೆ ಅವರವ್ವಗ ಫೋನ್ ಮಾಡಿ ಕೇಳತೇನಿ" ಎಂದವಳು ಮತ್ತೆ ಮಲಗಿದಳು. ಮರುದಿನ ನಿಜವಾಗಿಯೂ ಫೋನ್ ಮಾಡಿ ಕೇಳಿದಳು!

ನಾವು ಮೂವರು. ನಾನು ಗೋಕಾಕದವನು, ಒಬ್ಬ ಮೂಡಲಗಿಯವನು, ಇನ್ನೊಬ್ಬ ಹುಕ್ಕೇರಿಯವನು. ಪಿಯುಸಿ ಸೈನ್ಸ್ ಓದುವಾಗ ಒಂದೇ ರೂಮಿನಲ್ಲಿದ್ದೆವು. ಮೂವರೂ ನೀಟ್ ಬರೆದೆವು, ಮೂವರಿಗೂ ಸೀಟು ಸಿಗಲಿಲ್ಲ. ಮೂಡಲಗಿಯವನು ಮನೆಯ ಕಬ್ಬಿನ ಹೊಲ ನೋಡಿಕೊಳ್ಳತೊಡಗಿದ. ಹುಕ್ಕೇರಿಯವನು ಮಾವನ ಕಂಪ್ಯೂಟರ್ ಅಂಗಡಿ ಸೇರಿದ. ನಾನು ಬಿಎಸ್ಸಿಗೆ ಹೋದೆ. ಹೆಸರು ಬರೆದರೆ ಇಬ್ಬರೂ ಬಯ್ಯುತ್ತಾರೆ, ಹಾಗಾಗಿ ಊರ ಹೆಸರಿನಿಂದಲೇ ಕರೆಯುತ್ತೇನೆ.

ಮೊದಲು ಎಲ್ಲರ ಹಾಗೆ ನಾವೂ ಮೊಬೈಲ್‌ನಲ್ಲಿ ಪಬ್‌ಜಿ ಆಡಿದವರೇ. 2020ರ ಸೆಪ್ಟೆಂಬರ್‌ನಲ್ಲಿ ಅದು ಬ್ಯಾನ್ ಆದಾಗ ಮೂಡಲಗಿಯವನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಮೇಲೆ ಹುಕ್ಕೇರಿಯವನು ಅಂಗಡಿಯ ಕಂಪ್ಯೂಟರಿನಲ್ಲಿ 'ಆರ್ಮಾ 3' ಎಂಬ ಆಟ ಹಾಕಿ ನಮ್ಮನ್ನು ಎಳೆದುಕೊಂಡ. ಜೆಕ್ ದೇಶದ ಬೊಹಿಮಿಯಾ ಇಂಟರಾಕ್ಟಿವ್ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದ ಆಟ. ಗ್ರೀಸ್‌ನ ಲೆಮ್ನೋಸ್ ದ್ವೀಪವನ್ನು ನೋಡಿಕೊಂಡು ಕಟ್ಟಿದ 'ಆಲ್ಟಿಸ್' ಎಂಬ ದ್ವೀಪದಲ್ಲಿ ಯುದ್ಧ ನಡೆಯುತ್ತದೆ. ಓಡಿದರೆ ಸುಸ್ತಾಗುತ್ತದೆ, ಹೊರೆ ಹೆಚ್ಚಾದರೆ ಕೈ ನಡುಗುತ್ತದೆ. ಗುಂಡು ಬಿದ್ದರೆ ಪಬ್‌ಜಿಯ ಹಾಗೆ ಎನರ್ಜಿ ಡ್ರಿಂಕ್ ಕುಡಿದು ಮೇಲೇಳಲಾಗದು. ಅರ್ಧ ಗಂಟೆ ನಡೆದು ಹೋಗಿ, ಯಾರು ಹೊಡೆದರು ಎಂದೇ ತಿಳಿಯದೆ ಸತ್ತ ದಿನಗಳು ಬೇಕಾದಷ್ಟಿವೆ.

ನಾನು ಮೆಡಿಕ್ ಆಗಿದ್ದು ಸೇವಾಭಾವದಿಂದ ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ನನ್ನದು ಬೆಂಗಳೂರಿನ ಅಣ್ಣ ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್. ಗುಂಡಿನ ಕಾಳಗ ಜೋರಾದ ಕೂಡಲೇ ಚಿತ್ರ ತೊದಲುತ್ತಿತ್ತು. ನಾನು ಗುರಿ ಇಡುವಷ್ಟರಲ್ಲಿ ವೈರಿ ಬೇರೆ ಕಡೆ ಇರುತ್ತಿದ್ದ. "ನಿನಗ ಹೊಡಿಯಾಕ ಬರಂಗಿಲ್ಲ, ಚೀಲಾ ಹೊತ್ಕೊಂಡು ಹಿಂದ ಬಾ" ಎಂದು ಮೂಡಲಗಿಯವನು ತೀರ್ಪು ಕೊಟ್ಟ. ಅಂದಿನಿಂದ ಬ್ಯಾಂಡೇಜಿನ ಚೀಲ ನನ್ನದಾಯಿತು.

ಆರ್ಮಾಗೆ 'ಏಸ್' ಎಂಬ ಪುಕ್ಕಟೆ ಮಾಡ್ ಇದೆ. ಆಟಗಾರರೇ ಸೇರಿ ಮಾಡಿದ್ದು. ಅದನ್ನು ಹಾಕಿಕೊಂಡರೆ ವೈದ್ಯಕೀಯದ ಭಾಗ ಪೂರ್ತಿ ಬದಲಾಗುತ್ತದೆ. ಗಾಯಾಳುವಿನ ಹತ್ತಿರ ಹೋಗಿ ಮೆನು ತೆರೆದರೆ ಮನುಷ್ಯನ ಆಕಾರ ಕಾಣುತ್ತದೆ. ತಲೆ, ಎದೆ, ಎರಡು ಕೈ, ಎರಡು ಕಾಲು. ಎಲ್ಲಿ ಗಾಯ, ಎಷ್ಟು ರಕ್ತ ಹೋಗುತ್ತಿದೆ ಎಂದು ಒಂದೊಂದಾಗಿ ನೋಡಬೇಕು. ಕೈಕಾಲಿನಲ್ಲಿ ರಕ್ತ ಜೋರಾಗಿದ್ದರೆ ಮೊದಲು ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸುವ ಬಿಗಿ ಪಟ್ಟಿ. ಆಮೇಲೆ ಬ್ಯಾಂಡೇಜ್. ಬ್ಯಾಂಡೇಜಿನಲ್ಲೂ ನಾಲ್ಕು ಥರ. ಒಂದಕ್ಕೊಂದು ಬದಲಿಸಿ ಹಾಕಿದರೆ ಸ್ವಲ್ಪ ಹೊತ್ತಿಗೆ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ. ಹೋದ ರಕ್ತಕ್ಕೆ ಸಲೈನ್ ಏರಿಸಬೇಕು. ನಾಡಿ ನೋಡಬೇಕು, ಬಿಪಿ ನೋಡಬೇಕು. ನೋವಿಗೆ ಮಾರ್ಫಿನ್ ಉಂಟು. ಆದರೆ ಅದು ಬಿಪಿ ಇಳಿಸುತ್ತದೆ, ಎರಡು ಮೂರು ಸಲ ಚುಚ್ಚಿದರೆ ಹೃದಯವೇ ನಿಲ್ಲುತ್ತದೆ. ಹುಕ್ಕೇರಿಯವನನ್ನು ಹೀಗೆ ಕೊಂದಿದ್ದೇನೆ. ಅವನು ತಾನೇ ಒಂದು ಚುಚ್ಚಿಕೊಂಡಿದ್ದ. ಚೀಟಿ ನೋಡದೆ ನಾನು ಮತ್ತೆರಡು ಚುಚ್ಚಿದೆ. "ವೈರಿ ಕೈಯಾಗ ಸತ್ತಿದ್ರ ಅಡ್ಡಿ ಇರಲಿಲ್ಲ, ದೋಸ್ತನ ಕೈಯಾಗ ಸತ್ನೆಲ್ಲೋ" ಎಂದು ವಾರವಿಡೀ ಅಣಕಿಸಿದ.

ಶನಿವಾರ ರಾತ್ರಿ ಬೇರೆ ಬೇರೆ ಊರಿನವರೂ ಸೇರಿ ಹತ್ತು ಹನ್ನೆರಡು ಮಂದಿ ಆಗುತ್ತಿದ್ದೆವು. ಪ್ರಜ್ಞೆ ತಪ್ಪಿ ಬಿದ್ದವರು ಮೈಕ್ ಬಂದ್ ಮಾಡಬೇಕು, ಉಸಿರೆತ್ತಬಾರದು ಎಂಬುದು ನಮ್ಮ ಕಾಯಿದೆ. ಒಂದು ಶನಿವಾರ ಹಳ್ಳಿಯ ಸಂದಿಯಲ್ಲಿ ಒಮ್ಮೆಗೇ ಐದು ಮಂದಿ ಬಿದ್ದರು. ಹುಕ್ಕೇರಿಯವನಿಗೆ ತೋಳಿಗೆ ಗಾಯ. ಅವನು ಕೊಟ್ಟ ಸದ್ದಿಗೆ ನಾನು ಅವನತ್ತಲೇ ಓಡಿದೆ. ಅವನಿಗೆ ಪಟ್ಟಿ ಕಟ್ಟಿ ತಿರುಗುವಷ್ಟರಲ್ಲಿ, ಹತ್ತು ಹೆಜ್ಜೆ ದೂರದ ಜೀಪಿನ ಹಿಂದೆ ಬಿದ್ದಿದ್ದ ಮೂಡಲಗಿಯವನು ರಕ್ತ ಹೋಗಿ ಸತ್ತಿದ್ದ. ಮೈಕ್ ಚಾಲೂ ಮಾಡಿದವನೇ, "ನಿನ್ನ ಬೂಟಿನ ಸಪ್ಪಳಾ ಕೇಳಕೋತ ಸತ್ತೆ" ಎಂದ. ನಗಲಿಲ್ಲ. ನಿಜವಾಗಿ ಸಿಟ್ಟಾಗಿದ್ದ.

ಆವತ್ತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಮೊದಲು ಎಣಿಸು. ಒದರಾಂವಗ ಉಸಿರೈತಿ. ಸುಮ್ನ ಬಿದ್ದಾಂವನ ಮೊದಲು ನೋಡು."

ಮೆಡಿಕ್‌ನ ನಿಜವಾದ ಕೆಲಸ ಬ್ಯಾಂಡೇಜ್ ಕಟ್ಟುವುದಲ್ಲ ಎಂದು ನಿಧಾನಕ್ಕೆ ತಿಳಿಯತೊಡಗಿತು. ಎಷ್ಟು ಮಂದಿ ಬಿದ್ದಿದ್ದಾರೆ, ಯಾರು ಕಾಯಬಲ್ಲರು, ಯಾರು ಕಾಯಲಾರರು ಎಂದು ಐದು ಸೆಕೆಂಡಿನಲ್ಲಿ ನಿರ್ಧರಿಸುವುದು ಅವನ ಕೆಲಸ. ಇಂಗ್ಲಿಷಿನಲ್ಲಿ ಅದಕ್ಕೆ 'ಟ್ರಯಾಜ್' ಎನ್ನುತ್ತಾರೆ. ನೆಪೋಲಿಯನ್ನನ ಸೇನೆಯ ಸರ್ಜನ್ ಡೊಮಿನಿಕ್ ಲ್ಯಾರಿ ಎಂಬಾತ ಸಿಪಾಯಿಯ ದರ್ಜೆ ನೋಡದೆ ಗಾಯ ನೋಡಿ ಸರದಿ ಹಾಕುವುದನ್ನು ರೂಢಿಗೆ ತಂದನಂತೆ. ನಮ್ಮ ಆಟದಲ್ಲೂ ಗಾಯಾಳುವಿಗೆ ಹಸಿರು, ಹಳದಿ, ಕೆಂಪು, ಕಪ್ಪು ಗುರುತು ಹಾಕಬಹುದು. ಕಪ್ಪು ಗುರುತು ಒತ್ತಲು ಆಟದಲ್ಲೂ ಬೆರಳು ಹಿಂಜರಿಯುತ್ತದೆ.

ಆ ದಿನಗಳಲ್ಲಿ ನಾನು ಈ ವಿಷಯ ಸಿಕ್ಕಲ್ಲೆಲ್ಲ ಓದಿದೆ. 'ಅಮೆರಿಕಾಸ್ ಆರ್ಮಿ' ಎಂಬ ಆಟವೊಂದಿತ್ತು. ಅಲ್ಲಿನ ಸೇನೆಯೇ 2002ರಲ್ಲಿ ಸೈನ್ಯ ಭರ್ತಿಗೆ ಸೆಳೆಯಲೆಂದು ಹೊರತಂದದ್ದು. ಅದರಲ್ಲಿ ಮೆಡಿಕ್ ಆಗಬೇಕಾದರೆ ಮೊದಲು ಪ್ರಥಮ ಚಿಕಿತ್ಸೆಯ ಪಾಠ ಕೇಳಿ ಪರೀಕ್ಷೆ ಪಾಸಾಗಬೇಕಿತ್ತು. 2007ರಲ್ಲಿ ನಾರ್ತ್ ಕೆರೊಲಿನಾದ ಹೆದ್ದಾರಿಯಲ್ಲಿ ಒಂದು ಕಾರು ಉರುಳಿತು. ದಾರಿಯಲ್ಲಿ ಹೊರಟಿದ್ದ ಯುವಕನೊಬ್ಬ ಇಬ್ಬರನ್ನು ಹೊರಗೆಳೆದ. ಬೆರಳು ತುಂಡಾದವನ ಕೈಗೆ ಟಾವೆಲ್ ಒತ್ತಿ, ಕೈಯನ್ನು ಮೇಲೆತ್ತಿ ಹಿಡಿದು ರಕ್ತ ತಡೆದ. ಅವನು ಯಾವ ಟ್ರೇನಿಂಗೂ ಪಡೆದವನಲ್ಲ, ಕಲಿತದ್ದೆಲ್ಲ ಆ ಆಟದ ಮೆಡಿಕ್ ಪಾಠದಲ್ಲಿ. ಇದನ್ನು ಓದಿ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ, ನಾನೇ ಆ ಯುವಕ ಎನ್ನುವ ಹಾಗೆ! "ದಿನಾ ರಾತ್ರಿ ಸತ್ತವರನ್ನ ಎಬ್ಬಸ್ತಿಯಲ್ಲ, ಮುಂಜಾನೆ ನೀ ಯಾವಾಗ ಏಳಾಂವ?" ಎಂದು ಕೇಳುತ್ತಿದ್ದ ಅಪ್ಪನಿಗೆ ಈ ಕಥೆ ಹೇಳಿದೆ. ಅಪ್ಪ ಚಹಾ ಕುಡಿದು ಎದ್ದು ಹೋದ.

ಹೋದ ವರ್ಷದ ಜನವರಿ. ಹುಕ್ಕೇರಿಯವನ ಅಕ್ಕನ ಕುಬಸ. ನಾನು, ಮೂಡಲಗಿಯವನು ಅವನ ಬೈಕಿನಲ್ಲಿ ಹೋಗಿದ್ದೆವು. ಹೋಳಿಗೆ ಊಟ ಮಾಡಿ, ಆಯೇರಿ ಎಂದು ಕೊಟ್ಟ ಟಾವೆಲ್, ಟೋಪಿ ಹಿಡಿದು ಹೊರಟಾಗ ರಾತ್ರಿ ಎಂಟು ದಾಟಿತ್ತು.

ನಮ್ಮ ಕಡೆಯವರಿಗೆ ಆ ತಿಂಗಳ ರಸ್ತೆ ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಹೇರಿದ ಟ್ರ್ಯಾಕ್ಟರ್‌ಗಳು ಸಾಲಾಗಿ ತೇಕುತ್ತ ಹೋಗುತ್ತವೆ. ಡ್ರೈವರ್‌ಗೆ ಹಿಂದಿನದು ಕಾಣದು, ಕೇಳದು. ಮೇಲೆ ಡೆಕ್ ಕಿತ್ತುಹೋಗುವ ಹಾಗೆ ಹಾಡು. ಅಂಥದ್ದೊಂದು ಟ್ರ್ಯಾಕ್ಟರ್ ಟೈರು ಪಂಕ್ಚರ್ ಆಗಿ ರಸ್ತೆಯ ಮೇಲೇ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ಗಾಲಿಗೆ ಎರಡು ಕಲ್ಲು ಇಟ್ಟಿದ್ದರು ಅಷ್ಟೆ. ನಮಗಿಂತ ಮುಂಚೆ ಬಂದ ಬೈಕೊಂದು ಹಿಂದಿನ ಟ್ರೇಲರ್‌ಗೆ ಹೊಡೆದಿತ್ತು. ನಾವು ಮುಟ್ಟುವಾಗ ಅದರ ಗಾಲಿ ಇನ್ನೂ ತಿರುಗುತ್ತಿತ್ತು.

ಮೂಡಲಗಿಯವನು ಬೈಕನ್ನು ಹೆಡ್‌ಲೈಟ್ ಆ ಕಡೆ ಬೀಳುವ ಹಾಗೆ ನಿಲ್ಲಿಸಿದ. ಒಂದು ಮಾತೂ ಆಡದೆ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಐವತ್ತು ಹೆಜ್ಜೆ ಹಿಂದಕ್ಕೆ ಓಡಿ, ಬರುವ ಗಾಡಿಗಳನ್ನು ತಡೆಯತೊಡಗಿದ. ಇದು ಆಟದಿಂದಲೇ ಬಂದದ್ದು ಎಂದು ಈಗಲೂ ಹೇಳುತ್ತೇನೆ. ಗುಂಡು ಹಾರುತ್ತಿರುವಲ್ಲಿ ಮೆಡಿಕ್ ಓಡಿ ಹೋಗಬಾರದು, ಮೊದಲು ಗುಂಡು ನಿಲ್ಲಬೇಕು. ಆ ರಸ್ತೆಯಲ್ಲಿ ಗುಂಡೆಂದರೆ ಹಿಂದಿನಿಂದ ಬರುವ ಗಾಡಿ.

ರಸ್ತೆ ಮೇಲೆ ಒಬ್ಬ ಕುಳಿತ ಹಾಗೆ ಬಿದ್ದಿದ್ದ. ಮೂವತ್ತರ ಆಸುಪಾಸು. ಟ್ರೇಲರಿನ ಪತ್ರಾದ ಅಂಚು ತೊಡೆಯನ್ನು ಕೊಯ್ದಿತ್ತು. ರಕ್ತ ಇಳಿಯುತ್ತಿರಲಿಲ್ಲ, ಚಿಮ್ಮಿ ಚಿಮ್ಮಿ ಬರುತ್ತಿತ್ತು. ಅವನು ಜೋರಾಗಿ ಒದರುತ್ತಿದ್ದ. ನಾನು ಓಡಿ ಮೊಣಕಾಲೂರಿ ಆಯೇರಿಯ ಟಾವೆಲನ್ನು ಮಡಚಿ ಒತ್ತಿದೆ. ಹೊಸ ಟಾವೆಲ್, ಗಂಜಿ ಹೋಗಿರಲಿಲ್ಲ. ರಕ್ತ ಹೀರಿಕೊಳ್ಳದೆ ಪಕ್ಕದಿಂದ ಜಾರುತ್ತಿತ್ತು. ಟೂರ್ನಿಕೆಟ್ ಎಂದು ಬೆಲ್ಟ್ ಬಿಚ್ಚಲು ಹೋದೆ. ಕೈ ಎತ್ತಿದ ಕೂಡಲೇ ರಕ್ತ ಜೋರಾಯಿತು. ಬೆಲ್ಟ್ ಬಿಟ್ಟು ಎರಡೂ ಕೈ ಇಟ್ಟು ಮೈಭಾರ ಹಾಕಿದೆ. ಆಟದಲ್ಲಿ ಬ್ಯಾಂಡೇಜ್ ಕಟ್ಟಲು ಕೆಲವೇ ಸೆಕೆಂಡು, ಒಂದು ಪಟ್ಟಿ ತುಂಬಿ ಮುಗಿಯುತ್ತದೆ. ಇಲ್ಲಿ ಯಾವ ಪಟ್ಟಿಯೂ ತುಂಬುತ್ತಿರಲಿಲ್ಲ. ನಿಂತಿತೇ ಎಂದು ಎರಡು ಸಲ ಟಾವೆಲ್ ಎತ್ತಿ ನೋಡಿದೆ, ಎರಡು ಸಲವೂ ಮತ್ತೆ ಶುರುವಾಯಿತು.

"ತಮ್ಮಾ... ತಮ್ಮಾ..." ಎನ್ನುತ್ತಿದ್ದ ಆತ.

"ಇಲ್ಲೇ ಅದೇನಿ ಅಣ್ಣಾ. ಎಲ್ಲೂ ಹೋಗಂಗಿಲ್ಲ" ಎಂದೆ.

"ತಮ್ಮಾ..."

"ಅದೇನಿ ಅಣ್ಣಾ, ಇಲ್ಲೇ ಅದೇನಿ. ಗಾಡಿ ಬರಾಕತ್ತೈತಿ."

ಟ್ರ್ಯಾಕ್ಟರಿನ ಡ್ರೈವರ್ 108ಕ್ಕೆ ಫೋನ್ ಹಚ್ಚಿದ್ದ. ಜನ ಸೇರಿದರು. ಯಾರೋ ನೀರು ಕುಡಿಸಿ ಎಂದರು, ಯಾರೋ ಕುಡಿಸಬೇಡಿ ಎಂದರು, ಒಂದಿಬ್ಬರು ವಿಡಿಯೊ ತೆಗೆದರು. ರಸ್ತೆ ಪಕ್ಕದಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲುಗಳಿದ್ದವು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಮರಾಠಿಯಲ್ಲಿ ಏನೋ ಕೂಗುತ್ತಿದ್ದಳು. ಡ್ರೈವರ್‌ನನ್ನು ಬೈಯುತ್ತಿದ್ದಾಳೆ ಅಂದುಕೊಂಡೆ. ಮರಾಠಿ ತಿಳಿಯದವನೇನಲ್ಲ ನಾನು, ನಮ್ಮ ಗಡಿ ಸೀಮೆಯಲ್ಲಿ ಯಾರಿಗೆ ತಿಳಿಯುವುದಿಲ್ಲ? ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಸುಮಾರು ಇಪ್ಪತ್ತು ನಿಮಿಷಕ್ಕೆ ಟ್ರ್ಯಾಕ್ಟರ್ ಸಾಲಿನ ನಡುವೆ ದಾರಿ ಮಾಡಿಕೊಂಡು ಆಂಬುಲೆನ್ಸ್ ಬಂತು. ಇಳಿದ ಇಎಂಟಿ ನನ್ನನ್ನು ನೋಡಲಿಲ್ಲ, ಗಾಯವನ್ನೂ ನೋಡಲಿಲ್ಲ. ಸುತ್ತ ಒಮ್ಮೆ ಕಣ್ಣಾಡಿಸಿ ಕೇಳಿದ ಮೊದಲ ಮಾತು:

"ಎಷ್ಟು ಮಂದಿ ಅದಾರ?"

"ಒಬ್ರು" ಎಂದೆ.

ಆಗ ಕೇಳಿತು ಆ ಹೆಣ್ಣುಮಗಳ ಮಾತು. "ಇಕಡೇ ದುಸರಾ ಆಹೇ!" ಇಲ್ಲಿ ಇನ್ನೊಬ್ಬನಿದ್ದಾನೆ!

ಹತ್ತು ಹೆಜ್ಜೆ. ಅಷ್ಟೇ ದೂರ. ರಸ್ತೆಯ ಇಳಿಜಾರಿನಲ್ಲಿ, ಕಬ್ಬಿನ ಅಂಚಿನ ಕತ್ತಲೆಯಲ್ಲಿ ಇನ್ನೊಬ್ಬ ಹುಡುಗ. ಗುದ್ದಿದ ರಭಸಕ್ಕೆ ಹಾರಿ ಬಿದ್ದಿದ್ದ. ಪ್ರಜ್ಞೆ ಇರಲಿಲ್ಲ. ಆ ಹೆಣ್ಣುಮಗಳು ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆ ಅಲುಗದ ಹಾಗೆ ಎರಡೂ ಅಂಗೈಯಲ್ಲಿ ಹಿಡಿದು ಕೂತಿದ್ದಳು. ಅಂಗಾತ ಬಿದ್ದಿದ್ದನಂತೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿತ್ತಂತೆ. ಬಾಯಲ್ಲಿ ರಕ್ತ, ವಾಂತಿ. ಸೆರಗಿನಿಂದ ಬಾಯಿ ಒರೆಸಿ ಹೊರಳಿಸಿದ ಮೇಲೆ ಸದ್ದು ನಿಂತು ಉಸಿರು ಸರಿಯಾಯಿತಂತೆ. ಇಎಂಟಿ ಬ್ಯಾಟರಿ ಬಿಟ್ಟು ನೋಡಿ, "ಹಂಗ ಹಿಡೀರಿ ಅಕ್ಕಾ, ಬಿಡಬ್ಯಾಡ್ರಿ" ಎಂದ. ಅವಳಿಗೆ ಕನ್ನಡ ತಿಳಿಯದು, ಆದರೆ ಬಿಡಲಿಲ್ಲ. ಇಪ್ಪತ್ತು ನಿಮಿಷದಿಂದಲೂ ಬಿಟ್ಟಿರಲಿಲ್ಲ.

ರಸ್ತೆ ಮೇಲಿದ್ದಾತ "ತಮ್ಮಾ" ಎಂದು ಕರೆದದ್ದು ನನ್ನನ್ನಲ್ಲ.

ಇಬ್ಬರೂ ಬದುಕಿದರು. ಅಣ್ಣನ ತೊಡೆಗೆ ಹೊಲಿಗೆ ಬಿತ್ತು. ತಮ್ಮನನ್ನು ಬೆಳಗಾವಿಗೆ ಒಯ್ದರು. ತಲೆಗೆ ಪೆಟ್ಟಾಗಿ ಬಹಳ ದಿನ ಆಸ್ಪತ್ರೆಯಲ್ಲಿದ್ದ. ಎಡಗಿವಿ ಇನ್ನೂ ಸರಿಯಾಗಿ ಕೇಳುವುದಿಲ್ಲವಂತೆ. ಇದೆಲ್ಲ ಗೊತ್ತಾದದ್ದು ತಿಂಗಳ ಮೇಲೆ, ಅಣ್ಣನೇ ಮೂಡಲಗಿಯವನ ನಂಬರ್‌ಗೆ ಫೋನ್ ಮಾಡಿದಾಗ. ನನ್ನ ಕೈಗೆ ಫೋನ್ ಕೊಟ್ಟ. ಆತ ಉಪಕಾರ ಆತರಿ ಎಂದ. ನಾನು ಒಂದೇ ಉಸಿರಿನಲ್ಲಿ, "ಅಣ್ಣಾ, ನೀವು ತಮ್ಮನ್ನ ಕೇಳಾಕತ್ತಿದ್ರಿ, ನನಗ ತಿಳೀಲಿಲ್ಲ" ಎಂದು ಹೇಳಿಬಿಟ್ಟೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು 'ಇಲ್ಲೇ ಅದೇನಿ ಅಣ್ಣಾ' ಅಂದ್ರೆಲ್ಲಾ, ನನಗ ಕಣ್ಣ ಕತ್ತಲಿ ಬಂದಿತ್ತು. ಅಂವನ ಮಾತಾಡಾಕತ್ತಾನ ಅಂತ ತಿಳಕೊಂಡೆ. ಸಮಾಧಾನ ಆತು" ಎಂದ.

ಇದಕ್ಕೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ರಾತ್ರಿ ಮನೆಗೆ ಬಂದಾಗ ಅಂಗಿಯ ಮೇಲಿನ ರಕ್ತ ನೋಡಿ ಅವ್ವ ಗೋಡೆಗೆ ಆತು ಕುಳಿತಳು. ಅಪ್ಪನದು ಬೇರೆ ಚಿಂತೆ. "ಹೆಸರು ಬರಿಸಿ ಬಂದಿಯೇನು? ನಾಳೆ ಸ್ಟೇಶನ್ನಿಗೆ ಕರದ್ರ? ಕೋರ್ಟಿಗೆ ಅಡ್ಡ್ಯಾಡಾಂವ ಯಾರು?" ನಮ್ಮ ಹಳ್ಳಿಗಳಲ್ಲಿ ಜನ ಗಾಯಾಳುವನ್ನು ನೋಡಿ ಸುಮ್ಮನೆ ಹೋಗುವುದು ಕಲ್ಲು ಮನಸ್ಸಿನಿಂದಲ್ಲ, ಈ ಹೆದರಿಕೆಯಿಂದ. ಆಮೇಲೆ ಹುಡುಕಿ ಓದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ 134ಎ ಎಂಬ ಕಲಮು ಸೇರಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ನಮ್ಮ ರಾಜ್ಯವಂತೂ ಅದಕ್ಕೂ ಮೊದಲೇ, 2016ರಲ್ಲೇ, ಇದಕ್ಕೆಂದು ತನ್ನದೇ ಮಸೂದೆ ತಂದಿತ್ತು. ಅಪ್ಪನಿಗೆ ಓದಿ ಹೇಳಿದೆ. "ಕಾಗದದಾಗ ಎಲ್ಲಾ ಚಲೋನ ಇರತೈತಿ" ಎಂದ. ಆದರೆ ಮತ್ತೆ ಬೈಯಲಿಲ್ಲ.

ಒಂದು ತಿಂಗಳು ನಾನು ಆಟ ಮುಟ್ಟಲಿಲ್ಲ. ಕಾಲೇಜಿನ ಯೂತ್ ರೆಡ್ ಕ್ರಾಸ್ ಘಟಕದವರು ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟಾಗ ಹೆಸರು ಕೊಟ್ಟೆ. ಅದಕ್ಕೂ ಮೊದಲು ಅಂಥ ನೋಟಿಸುಗಳನ್ನು ಎಷ್ಟು ಸಲ ನೋಡಿ ಮುಂದೆ ಹೋಗಿದ್ದೆನೋ! ಅಲ್ಲಿ ರಬ್ಬರ್ ಗೊಂಬೆಯ ಎದೆ ಒತ್ತಿಸಿದರು. ಆಟದಲ್ಲಿ ಸಿಪಿಆರ್ ಎಂದರೆ ಒಂದು ಬಟನ್ ಒತ್ತಿ ಕಾಯುವುದು. ನಿಜದಲ್ಲಿ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. 30 ಸಲ ಒತ್ತಿ ಎರಡು ಸಲ ಉಸಿರು ಕೊಡಬೇಕು. ಎರಡು ನಿಮಿಷಕ್ಕೆ ನನ್ನ ತೋಳು ಬಿದ್ದುಹೋದವು. ರಕ್ತ ನಿಲ್ಲಿಸಲು ಒತ್ತಿದ ಬಟ್ಟೆಯನ್ನು ಎತ್ತಿ ನೋಡಬಾರದು, ನೆನೆದರೆ ಅದರ ಮೇಲೇ ಇನ್ನೊಂದು ಬಟ್ಟೆ ಇಡಬೇಕು ಎಂದರು. ನನ್ನ ಎರಡು ಸಲದ ಇಣುಕಾಟ ನೆನಪಾಯಿತು.

ಟ್ರೇನಿಂಗ್ ಕೊಡಲು ಬಂದವರು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು ನಿವೃತ್ತರಾದವರು. ಚಹಾದ ಹೊತ್ತಿಗೆ ಅವರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆಟದ ಸುದ್ದಿ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅವರು ನಗಲಿಲ್ಲ. "ಚಿಮ್ಮೋ ರಗತ ಮೊದಲ ಹಿಡದಿ, ಅದು ತಪ್ಪಲ್ಲ. ನಾವೂ ಅದನ್ನ ಮೊದಲ ಹಿಡೀತೇವಿ. ಆದ್ರ ಕೈ ಅಲ್ಲಿ ಇರಲಿ, ಕಣ್ಣು ಸುತ್ತ ತಿರಗಬೇಕು. ಬಾಯಿ ಐತೆಲ್ಲ? ಇನ್ನ ಯಾರರ ಅದಾರೇನು ಅಂತ ಒದರಬೇಕಿತ್ತು" ಎಂದರು. ಆಮೇಲೆ, "ನಿನ್ನ ಆಟದಾಗ ಬಿದ್ದವರ ಮ್ಯಾಲ ಗುರುತು ಕಾಣತಾವೇನು?" ಎಂದು ಕೇಳಿದರು. ಹೌದು, ಕಾಣುತ್ತವೆ. ಸ್ಕ್ರೀನಿನಲ್ಲಿ ತಂಡದ ಪಟ್ಟಿಯೇ ಇರುತ್ತದೆ, ಎಷ್ಟು ಮಂದಿ ಇದ್ದೇವೆ ಎಂಬುದು ಮೊದಲೇ ಗೊತ್ತು. "ರಸ್ತೆ ಮ್ಯಾಲ ಪಟ್ಟಿ ಇರೂದಿಲ್ಲೋ" ಎಂದರು. ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡ "ಎಣಿಸು" ಎಂಬುದು ಗೊತ್ತಿದ್ದವರನ್ನು ಎಣಿಸುವ ಲೆಕ್ಕವಾಗಿತ್ತು. ಗೊತ್ತಿಲ್ಲದವರನ್ನು ಹುಡುಕುವುದು ಅದರಲ್ಲಿ ಇರಲೇ ಇಲ್ಲ.

ಅವರಿಂದಲೇ ತಿಳಿದ ಇನ್ನೊಂದು ಸಂಗತಿ. ಬಿಳಿಯ ಮೇಲೆ ಕೆಂಪು ಕ್ರಾಸ್ ಗುರುತನ್ನು ಯಾರೆಂದರೆ ಅವರು ಬಳಸುವಂತಿಲ್ಲ. ಅದು ಯುದ್ಧಭೂಮಿಯಲ್ಲಿ ಮೆಡಿಕ್‌ಗಳನ್ನು ಕಾಪಾಡುವ ಗುರುತು. ಇದನ್ನು ಹೊತ್ತವನಿಗೆ ಹೊಡೆಯಬೇಡಿ ಎಂದರ್ಥ. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯೇ ಇದೆ. ಊರಿಗೆ ಬಂದು ನೋಡಿದರೆ ಔಷಧ ಅಂಗಡಿಯಿಂದ ಹಿಡಿದು ಬೈಕಿನ ನಂಬರ್ ಪ್ಲೇಟಿನವರೆಗೆ ಎಲ್ಲೆಲ್ಲೂ ಕೆಂಪು ಕ್ರಾಸ್! ಆರ್ಮಾದವರು 2017ರಲ್ಲಿ 'ಲಾಸ್ ಆಫ್ ವಾರ್' ಎಂಬ ಹೊಸ ಭಾಗ ತಂದರು. ಅದರಲ್ಲಿ ನೀವು ಸಿಪಾಯಿಯಲ್ಲ, ಯುದ್ಧದ ಆಮೇಲೆ ನೆಲಬಾಂಬ್ ತೆಗೆಯುವ ಸೇವಾ ಸಂಸ್ಥೆಯವರು. ಅದರ ಆದಾಯದಲ್ಲಿ ಒಂದು ಪಾಲನ್ನು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಗೆ ಕೊಟ್ಟರು. ನಾವು ಮೂವರೂ ಅದನ್ನು ಹೆಚ್ಚು ಆಡಲಿಲ್ಲ. "ಗುಂಡು ಹೊಡಿಯೂದ ಇಲ್ಲಂದ್ರ ಆಡೂದೇನು?" ಎಂದಿದ್ದ ಮೂಡಲಗಿಯವನು. ಈಗ ಮತ್ತೆ ಹಾಕಿಕೊಂಡಿದ್ದೇವೆ.

ಇದನ್ನು ಓದುತ್ತಿರುವ ಬಹಳ ಮಂದಿ ನನ್ನ ಹಾಗೆ ಪಿಯುಸಿ ಸೈನ್ಸ್ ಮುಗಿಸಿ, ನೀಟ್ ಬಿಟ್ಟು, ಮುಂದೇನು ಎನ್ನುತ್ತಿರುವವರು ಇರಬಹುದು. ಅವರಿಗಾಗಿ ಆ ಸರ್ ಹೇಳಿದ್ದನ್ನು ಬರೆಯುತ್ತೇನೆ. ಸೇನೆಯಲ್ಲಿ ಸೋಲ್ಜರ್ ಟೆಕ್ನಿಕಲ್ ನರ್ಸಿಂಗ್ ಅಸಿಸ್ಟೆಂಟ್ ಎಂಬ ಹುದ್ದೆ ಇದೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು. ಒಟ್ಟು ಶೇ 50, ಪ್ರತಿ ವಿಷಯದಲ್ಲಿ ಶೇ 40 ಅಂಕ ಕೇಳುತ್ತಾರೆ. ವಯಸ್ಸು ಹದಿನೇಳೂವರೆಯಿಂದ 23. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಆಮೇಲೆ ರ್‍ಯಾಲಿ. ಆಯ್ಕೆಯಾದವರಿಗೆ ಲಖನೌದ ಆರ್ಮಿ ಮೆಡಿಕಲ್ ಕೋರ್ ಸೆಂಟರಿನಲ್ಲಿ ತರಬೇತಿ. ನಿಯಮ ಬದಲಾಗುತ್ತಿರುತ್ತವೆ, ಆ ವರ್ಷದ ನೋಟಿಫಿಕೇಶನ್ ಓದಿಯೇ ಅರ್ಜಿ ಹಾಕಿ. ನಮ್ಮ ಹುಡುಗರು ಅಗ್ನಿವೀರ್ ಜನರಲ್ ಡ್ಯೂಟಿಗೆಂದು ಮಾತ್ರ ಓಡುತ್ತಾರೆ, ಬೆಳಗಾವಿಯ ಮರಾಠಾ ಸೆಂಟರ್ ಬಿಟ್ಟು ಬೇರೆ ಸೇನೆ ಇದೆ ಎಂಬುದು ನಮ್ಮ ತಲೆಗೇ ಬರುವುದಿಲ್ಲ. ಇನ್ನು ಸೇನೆ ಬೇಡ ಎನ್ನುವವರು ಬಸ್ ಕಂಡಕ್ಟರ್ ಲೈಸೆನ್ಸ್‌ಗೆ ಹೋದರೂ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಕೇಳುತ್ತಾರೆ. ಅದನ್ನು ಏಜೆಂಟನ ಕೈಯಲ್ಲಿ ತರಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಬೇಡಿ, ಒಂದು ದಿನ ಹೋಗಿ ಕುಳಿತುಕೊಳ್ಳಿ.

ನನಗೆ ವಯಸ್ಸಿನ ಲೆಕ್ಕದಲ್ಲಿ ಇದು ಕೊನೆಯ ಅವಕಾಶ. ಅರ್ಜಿ ಹಾಕಿದ್ದೇನೆ. ನಸುಕಿನಲ್ಲಿ ಮೈದಾನಕ್ಕೆ ಹೋಗಿ 1,600 ಮೀಟರ್ ಓಡುತ್ತೇನೆ. ಪೂರ್ತಿ ಅಂಕಕ್ಕೆ 5 ನಿಮಿಷ 30 ಸೆಕೆಂಡ್ ಬೇಕು, ನನ್ನದು ಇನ್ನೂ 5 ನಿಮಿಷ 50ರ ಹತ್ತಿರ ಇದೆ. "ಈಗರ ಮುಂಜಾನೆ ಎದ್ದೆಲ್ಲ" ಎನ್ನುತ್ತಾನೆ ಅಪ್ಪ. ಆಗದಿದ್ದರೆ ಇಎಂಟಿ ಕೋರ್ಸ್ ನೋಡಬೇಕೆಂದಿದ್ದೇನೆ. ಹುಕ್ಕೇರಿಗೆ ಹೋಗುವಾಗಲೆಲ್ಲ ಆ ಜಾಗದಲ್ಲಿ ಬೈಕ್ ನಿಧಾನ ಮಾಡುತ್ತೇವೆ. ಆ ಗುಡಿಸಲುಗಳು ಈಗಿಲ್ಲ. ಹಂಗಾಮು ಮುಗಿದ ಮೇಲೆ ಗ್ಯಾಂಗಿನವರು ಊರಿಗೆ ಹೋದರು. ಈ ವರ್ಷ ಬಂದದ್ದು ಬೇರೆ ಗ್ಯಾಂಗು. ಆ ಹೆಣ್ಣುಮಗಳ ಹೆಸರು ನಾವು ಯಾರೂ ಕೇಳಿರಲಿಲ್ಲ.

ಆಟ ಬಿಟ್ಟಿಲ್ಲ. ಶನಿವಾರಕ್ಕೊಮ್ಮೆ ಮಾತ್ರ. ಮೊನ್ನೆಯೂ ಆಡಿದೆವು. ಗುಡ್ಡದ ಕೆಳಗಿನ ಹಳ್ಳಿಯಲ್ಲಿ ಸಿಕ್ಕಿಬಿದ್ದು ಹುಕ್ಕೇರಿಯವನು ಎಂದಿನಂತೆ ಗಂಟಲು ಹರಿಯುವ ಹಾಗೆ ಒದರತೊಡಗಿದ. "ಲೇ ಮೆಡಿಕ್! ಎಲ್ಲಿ ಅದಿ? ನಾ ಸಾಯಾಕತ್ತೇನಿ!"

"ಒದರಾಕತ್ತಿ ಅಂದ್ರ ಉಸಿರೈತಿ. ತಡಿ" ಎಂದು ಹೇಳಿ ಸುತ್ತ ನೋಡಿದೆ. ಎಣಿಸಿದೆ. ಒಬ್ಬ ಕಡಿಮೆ. ಮೂಡಲಗಿಯವನ ಸದ್ದೇ ಇಲ್ಲ. ರೇಡಿಯೊದಲ್ಲಿ ಎರಡು ಸಲ ಕರೆದೆ, ಉತ್ತರವಿಲ್ಲ. ಗೋಡೆ ಹಾರಿ, ಗುಂಡಿನ ನಡುವೆ ತೆವಳಿಕೊಂಡು ಹೋದರೆ ಮನೆಯೊಂದರ ಹಿಂದೆ ಬಂದೂಕು ಹಿಡಿದು ಅಲುಗಾಡದೆ ಮಲಗಿದ್ದ. ನಾಡಿ ನೋಡೋಣವೆಂದು ಕೈ ಹಾಕುವಷ್ಟರಲ್ಲಿ ಮನುಷ್ಯನೇ ಮಾಯ! ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು.

"ದೋಸ್ತಾ, ನನ್ನ ಹುಡಕಬ್ಯಾಡ" ಎಂದ ಮೂಡಲಗಿಯವನು. "ಇಲ್ಲೆ ಕರೆಂಟ್ ಹೋಗೇತಿ."